ಮೇದರ ಕೇರಿಯಲ್ಲಿ ಬಿದಿರಿನ ಲೆಕ್ಕ

ಈ ಉಪನ್ಯಾಸಕ್ಕೆ ಸಂಘಟಕರು ಕೊಟ್ಟ ಶೀರ್ಷಿಕೆ ‘ಅಳಿವಿನಂಚಿನಲ್ಲಿರುವ ಬಿದಿರು ಹೆಣಿಗೆ’ ಎಂದು. ಆಮಂತ್ರಣ ಪತ್ರಿಕೆ ಆಗಲೇ ಅಚ್ಚಾಗಿದ್ದರಿಂದ ನಾನು ತಕರಾರು ತೆಗೆಯಲಿಲ್ಲ. ಆದರೆ ವಿಷಯಕ್ಕೆ ಬರುವ ಮೊದಲು ಆ ‘ಅಂಚು’ ಎಂಬ ಪದದ ಜೊತೆ ಒಂದು ಸಣ್ಣ ಜಗಳವನ್ನು ಮುಗಿಸಿಕೊಳ್ಳುತ್ತೇನೆ. ಬಿದಿರು ಹೆಣೆಯುವುದೇ ಕುಲಕಸುಬಾದ ಮೇದರ ಮನೆಯಲ್ಲಿ ಅಂಚು ಎಂದರೆ ಹೆಣೆದು ಮುಗಿದ ಮೊರದ ಸುತ್ತ ದಪ್ಪ ದಬ್ಬೆಯನ್ನು ಬಾಗಿಸಿ, ತೆಳುವಾದ ಎಳೆಯಿಂದ ಬಿಗಿಯುವ ಕಟ್ಟು. ಅಲ್ಲಿಯವರೆಗೆ ಮೊರವೆಂಬುದು ಬರಿಯ ಚಾಪೆಯ ತುಂಡು. ಅಂಚು ಕಟ್ಟಿದ ಮೇಲೆ ಅದು ರಾಗಿ ಕೇರುವ, ಬೇಳೆ ಒನೆಯುವ, ಗೌರಿಯ ಬಾಗಿನ ಹೊರುವ ಮೊರವಾಗುತ್ತದೆ. ಆದ್ದರಿಂದ ಹೆಣಿಗೆ ಅಂಚಿಗೆ ಬಂದಿದೆ ಎಂದು ಮೇದರ ಅಜ್ಜಿಯೊಬ್ಬರ ಮುಂದೆ ಹೇಳಿದರೆ, ಹಾಗಾದರೆ ಇನ್ನೇನು ಕೆಲಸ ಮುಗಿಯಿತು, ಕಟ್ಟಿ ಕೊಡುತ್ತೇನೆ ಎಂದಾರು.

ನಾನು ನಾಲ್ಕಾರು ಜಿಲ್ಲೆಗಳ ಮೇದರ ಕೇರಿಗಳಲ್ಲಿ ಕುಳಿತು ಬಂದವನು. ಈ ವಿದ್ಯೆಯನ್ನು ಬಲ್ಲವರು ಇಲ್ಲವಾಗಿದ್ದಾರೆ ಎಂಬ ಮಾತನ್ನು ಸಭೆಗಳಲ್ಲಿ ಕೇಳಿದಷ್ಟು ಕೇರಿಗಳಲ್ಲಿ ಕೇಳಿಲ್ಲ. ಅಲ್ಲಿ ಕೇಳಿಬರುವ ಮಾತು ಬೇರೆ: ‘ಬಿದಿರು ಎಲ್ಲಿದೆ ಸ್ವಾಮಿ?’ ಇವತ್ತು ನಾನು ಹೇಳಬೇಕಾಗಿರುವುದು ಬಹುಮಟ್ಟಿಗೆ ಆ ಒಂದು ಪ್ರಶ್ನೆಯ ವಿಸ್ತರಣೆ.

ಮೊದಲು ಯಾರು ಎಂಬುದನ್ನು ಸ್ಪಷ್ಟಮಾಡಿಕೊಳ್ಳೋಣ. ಮೈಸೂರು ಸೀಮೆಯಲ್ಲಿ ಮೇದರು ಅಥವಾ ಮೇದಾರರು ಎನ್ನುವವರನ್ನೇ ಉತ್ತರ ಕರ್ನಾಟಕದಲ್ಲಿ ಬುರುಡರು ಎನ್ನುತ್ತಾರೆ; ಗೌರಿಗ, ಗವರಿಗ ಎಂಬ ಹೆಸರುಗಳೂ ಇವೆ. ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಇವು ಒಂದೇ ಸಾಲಿನಲ್ಲಿ ಬರುತ್ತವೆ. ಹುಬ್ಬಳ್ಳಿಗೆ ಹೋದರೆ ಮೇದಾರ ಓಣಿ ಇದೆ, ಮೈಸೂರಿನಲ್ಲಿ ಬಂಬೂ ಬಜಾರಿನ ಪಕ್ಕದಲ್ಲೇ ಮೇದರ ಬ್ಲಾಕ್ ಇದೆ. ಎಷ್ಟೋ ಊರುಗಳಲ್ಲಿ ಕೇರಿಯ ಹೆಸರು ಉಳಿದು ಬಿದಿರು ಮಾತ್ರ ಹೋಗಿದೆ. ಇವರಲ್ಲದೆ ಕೊರಮರೂ ಬುಟ್ಟಿ ಹೆಣೆಯುತ್ತಾರೆ. ಕರಾವಳಿಯಲ್ಲಿ ಕೊರಗರು ಬಿದಿರಿನ ಜೊತೆಗೆ ಕಾಡಿನ ಬಳ್ಳಿಗಳಿಂದಲೂ ಹೆಣೆಯುತ್ತಾರೆ, ಮತ್ತು ಆ ಬಳ್ಳಿಯ ಬುಟ್ಟಿಗಳ ಗಟ್ಟಿತನವನ್ನು ಕೃಷಿಕರು ಇಂದಿಗೂ ಹೊಗಳುತ್ತಾರೆ. ಹೊಗಳಿಕೆಯ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಬುಟ್ಟಿಯನ್ನು ಮನೆಯೊಳಗೆ, ದೇವರ ಕೋಣೆಯವರೆಗೆ ಬಿಟ್ಟುಕೊಂಡ ಸಮಾಜ, ಹೆಣೆದ ಕೈಯನ್ನು ಅಂಗಳದಾಚೆಯೇ ನಿಲ್ಲಿಸಿತ್ತು. ಕೊರಗರನ್ನು ಕೀಳಾಗಿ ಕಂಡು ಅವಮಾನಿಸುತ್ತಿದ್ದ, ಅವರ ಮೇಲೆ ಹೇರಲಾಗಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಈ ರಾಜ್ಯ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಹೀಗಿರುವಾಗ ಮೇದರ ಅಥವಾ ಕೊರಗರ ಹುಡುಗನೊಬ್ಬ ಈ ಕಸುಬು ನನಗೆ ಬೇಡ ಎಂದರೆ, ಅದನ್ನು ಪರಂಪರೆಯ ಮೇಲಿನ ಅಸಡ್ಡೆ ಎಂದು ಬರೆಯುವವರು ಸ್ವಲ್ಪ ತಡೆದು ಯೋಚಿಸಬೇಕು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನಿದ್ದಾನೆ; ‘ಗವರೇಶ್ವರ’ ಎಂಬುದು ಅವನ ವಚನಗಳ ಅಂಕಿತ. ಅವನ ಬಗ್ಗೆ ಒಂದು ಕಥೆಯನ್ನು ಹೇಳುತ್ತಾರೆ. ಶಿವನು ಪರೀಕ್ಷಿಸಲೆಂದು ಬಿದಿರಿನೊಳಗೆ ಹೊನ್ನನ್ನು ತುಂಬಿಟ್ಟನಂತೆ; ಕೇತಯ್ಯ ಕಡಿದು ನೋಡಿ, ಇದಕ್ಕೆ ಹುಳು ಹತ್ತಿದೆ ಎಂದು ಬಿಟ್ಟು ಬೇರೆ ಬಿದಿರಿಗೆ ಕೈಹಾಕಿದನಂತೆ. ಪ್ರವಚನಗಳಲ್ಲಿ ಇದನ್ನು ನಿರ್ಲೋಭದ ಕಥೆಯಾಗಿ ವಿವರಿಸುತ್ತಾರೆ, ಅದು ಸರಿಯೇ. ಆದರೆ ಕೇರಿಯಲ್ಲಿ ಕುಳಿತು ಕೇಳಿದಾಗ ನನಗೆ ಹೊಳೆದದ್ದು ಇನ್ನೊಂದು: ಈ ಕಥೆಯನ್ನು ಕಟ್ಟಿದವರಿಗೆ ಬಿದಿರಿನ ಕಸುಬು ಚೆನ್ನಾಗಿ ಗೊತ್ತಿತ್ತು. ಬಿದಿರನ್ನು ಕಡಿದ ಕೂಡಲೇ ಮೇದ ನೋಡುವುದು ಅದರೊಳಗೆ ಹುಳುವಿದೆಯೇ ಎಂದು. ಬಿದಿರಿನ ತಿರುಳಿನಲ್ಲಿರುವ ಹಿಟ್ಟಿನಂಶವನ್ನು ತಿನ್ನಲು ಬರುವ ಸಣ್ಣ ಕೊರೆಹುಳು ಒಳಗಿಂದೊಳಗೆ ಪುಡಿ ಮಾಡಿ, ನೋಡಲು ಚೆನ್ನಾಗಿಯೇ ಇರುವ ಬುಟ್ಟಿಯನ್ನು ಒಂದು ಮಳೆಗಾಲದೊಳಗೆ ಜರಡಿ ಮಾಡಿಬಿಡುತ್ತದೆ. ಬಿದಿರನ್ನು ಮಳೆಗಾಲ ಕಳೆದ ಮೇಲೆ, ಕೃಷ್ಣಪಕ್ಷದಲ್ಲಿ ಕಡಿಯಬೇಕೆಂದು ಹಿರಿಯರು ಹೇಳುವುದು, ಕಡಿದದ್ದನ್ನು ನೀರಿನಲ್ಲಿ ಮುಳುಗಿಸಿಡುವುದು, ಎಲ್ಲವೂ ಈ ಹುಳುವಿನ ಮೇಲಿನ ಕಣ್ಣಿನಿಂದಲೇ. ನೆನೆಸಿದಾಗ ಹಿಟ್ಟಿನಂಶ ನೀರಿಗೆ ಇಳಿಯುತ್ತದೆ, ಹುಳುವಿಗೆ ಊಟವಿಲ್ಲದಂತಾಗುತ್ತದೆ.

ಈಗ ಕೆಲಸವನ್ನು ಹತ್ತಿರದಿಂದ ನೋಡೋಣ. ಬಿದಿರು ಮರವಲ್ಲ, ಹುಲ್ಲಿನ ಜಾತಿ ಎಂಬುದು ನಿಮಗೆ ಗೊತ್ತು. ಅದರ ಗಳು, ಅಂದರೆ ಕಾಂಡ, ನೆಲದಿಂದ ಎಷ್ಟು ದಪ್ಪವಾಗಿ ಹೊರಬರುತ್ತದೋ ಅಷ್ಟೇ ದಪ್ಪ. ಒಂದೇ ಮಳೆಗಾಲದಲ್ಲಿ ಪೂರ್ತಿ ಎತ್ತರಕ್ಕೆ ಏರಿ ನಿಲ್ಲುತ್ತದೆ, ಆಮೇಲೆ ದಪ್ಪವಾಗುವುದಿಲ್ಲ, ಬಲಿಯುತ್ತದೆ ಅಷ್ಟೆ. ಹೆಣಿಗೆಗೆ ಬೇಕಾಗುವುದು ಎರಡು ಮೂರು ವರ್ಷದ ಗಳು. ಅದಕ್ಕಿಂತ ಎಳೆಯದಾದರೆ ಒಣಗಿದಾಗ ಕುಗ್ಗಿ ಹೆಣಿಗೆ ಸಡಿಲವಾಗುತ್ತದೆ, ಹೆಚ್ಚು ಬಲಿತಿದ್ದರೆ ಬಾಗಿಸುವಾಗ ಚಟಕ್ಕೆಂದು ಮುರಿಯುತ್ತದೆ. ವಯಸ್ಸನ್ನು ತಿಳಿಯುವುದು ಬಣ್ಣದಿಂದ, ಗೆಣ್ಣಿನ ಮೇಲೆ ಹೊದಿಕೆ ಉಳಿದಿದೆಯೇ ಉದುರಿದೆಯೇ ಎಂಬುದರಿಂದ ಮತ್ತು ಕತ್ತಿಯ ಹಿಂಬದಿಯಿಂದ ತಟ್ಟಿದಾಗ ಬರುವ ಸದ್ದಿನಿಂದ. ನಾನೂ ತಟ್ಟಿ ನೋಡಿದ್ದೇನೆ. ನನಗೆ ಎಲ್ಲವೂ ಒಂದೇ ಸದ್ದಾಗಿ ಕೇಳಿಸಿತು.

ಗಳುವನ್ನು ನಿಲ್ಲಿಸಿ ತುದಿಯಲ್ಲಿ ಕತ್ತಿಯ ಬಾಯಿ ಇಟ್ಟು ಒಂದು ಏಟು ಕೊಟ್ಟರೆ ಸೀಳು ಗೆಣ್ಣಿನಿಂದ ಗೆಣ್ಣಿಗೆ ಓಡುತ್ತದೆ. ಬಿದಿರಿನ ನಾರೆಲ್ಲ ಉದ್ದಕ್ಕೇ ಇರುವುದರಿಂದ ಅದು ಅಷ್ಟು ನೇರವಾಗಿ ಸಿಗಿಯುತ್ತದೆ. ಎರಡಾದದ್ದು ನಾಲ್ಕು, ನಾಲ್ಕು ಎಂಟು, ಹೀಗೆ ದಬ್ಬೆಗಳಾಗುತ್ತವೆ. ನಿಜವಾದ ಕೈಚಳಕ ಇದಾದ ಮೇಲಿನದು. ದಬ್ಬೆಯನ್ನು ಅದರ ದಪ್ಪದಲ್ಲಿ ಪದರ ಪದರವಾಗಿ ಬಿಡಿಸಬೇಕು: ಹೊರಸಿಪ್ಪೆಯ ಹಸಿರು ಎಳೆ ಒಂದು, ಅದರ ಕೆಳಗಿನದು ಇನ್ನೊಂದು, ಒಳಗಿನ ಬಿಳಿಯ ತಿರುಳು ಮತ್ತೊಂದು. ಅಜ್ಜಿಯೊಬ್ಬರು ದಬ್ಬೆಯ ತುದಿಯನ್ನು ಕತ್ತಿಯಿಂದ ಚೂರು ಬಿಡಿಸಿ, ಒಂದು ಪದರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಇನ್ನೊಂದನ್ನು ಎಡಗೈಯಿಂದ ಕೆಳಗೆಳೆಯುತ್ತ, ಬಲಗೈಯ ಹೆಬ್ಬೆರಳನ್ನು ನಡುವೆ ಆನಿಸಿ ಸರಿಸುತ್ತ ಹೋಗುವುದನ್ನು ನೋಡಿದೆ. ಸೀಳು ಒಂದು ಕಡೆಗೆ ತೆಳುವಾಗತೊಡಗಿದರೆ ದಪ್ಪವಿರುವ ಬದಿಯನ್ನು ಹೆಚ್ಚು ಬಾಗಿಸುತ್ತಾರೆ, ಸೀಳು ತಾನಾಗಿ ನಡುವಿಗೆ ಮರಳುತ್ತದೆ. ಇದನ್ನು ಅವರು ನೋಡಿ ಮಾಡುತ್ತಿರಲಿಲ್ಲ. ನನ್ನ ಜೊತೆ ಮಗಳ ಮದುವೆಯ ಸುದ್ದಿ ಮಾತನಾಡುತ್ತ ಮಾಡುತ್ತಿದ್ದರು. ಹಸಿರು ಸಿಪ್ಪೆಯಲ್ಲಿ ನಾರು ದಟ್ಟವಾಗಿರುವುದರಿಂದ ಅದರ ಎಳೆ ಎಲ್ಲಕ್ಕಿಂತ ಗಟ್ಟಿ, ಅಂಚು ಬಿಗಿಯಲು ಅದೇ ಬೇಕು. ಆ ಸಿಪ್ಪೆಯಲ್ಲಿ ಗಾಜಿನಂತಹ ಮರಳಿನಂಶವೂ ಇರುತ್ತದೆ. ಕತ್ತಿಯನ್ನು ಬೇಗ ಮೊಂಡು ಮಾಡುವುದೂ ಅದೇ, ಬೆರಳನ್ನು ಸೀಳುವುದೂ ಅದೇ. ಅಜ್ಜಿಯ ಹೆಬ್ಬೆರಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿತ್ತು.

ಬುಟ್ಟಿಯ ತಳ ಹಾಕುವಾಗ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಚಕ್ರದ ಕಡ್ಡಿಗಳಂತೆ ಹರಡಿ, ನಡುವಿನಿಂದ ಎಳೆಯನ್ನು ಒಂದರ ಮೇಲೆ ಒಂದರ ಕೆಳಗೆ ಸುತ್ತುತ್ತ ಬರುತ್ತಾರೆ. ಇಲ್ಲಿ ಒಂದು ಲೆಕ್ಕವಿದೆ. ಒಂದೇ ಎಳೆಯಿಂದ ಸುತ್ತುವುದಾದರೆ ಕಡ್ಡಿಗಳ ಸಂಖ್ಯೆ ಬೆಸವಾಗಿರಬೇಕು. ಸರಿಸಂಖ್ಯೆಯಾದರೆ ಎರಡನೆಯ ಸುತ್ತಿನಲ್ಲೂ ಎಳೆ ಮೊದಲು ಹೋದ ಕಡ್ಡಿಯ ಮೇಲೆಯೇ ಮತ್ತೆ ಹೋಗುತ್ತದೆ, ಹೆಣಿಗೆ ಕಚ್ಚಿಕೊಳ್ಳುವುದೇ ಇಲ್ಲ. ಅಡ್ಡಡ್ಡ ಇಟ್ಟ ದಬ್ಬೆಗಳ ತುದಿಗಳು ಯಾವಾಗಲೂ ಸರಿಸಂಖ್ಯೆಯೇ ಆಗುವುದರಿಂದ, ಒಂದು ತುದಿಯನ್ನು ಸೀಳಿ ಎರಡು ಮಾಡುತ್ತಾರೆ. ಮಕ್ಕಳಿಗೆ ಸರಿ ಬೆಸ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಕೇರಿಯ ಶಾಲೆಯಲ್ಲಿ ಯಾರಾದರೂ ಹೇಳಿಕೊಡುತ್ತಾರೆಯೇ ಎಂದು ವಿಚಾರಿಸಿದೆ, ಇಲ್ಲ.

ಇಷ್ಟೆಲ್ಲ ಮಾಡಿದ ವಸ್ತುಗಳು ಹಿಂದೆ ಎಲ್ಲಿಗೆ ಹೋಗುತ್ತಿದ್ದವು? ಮಂಕರಿ, ಕುಕ್ಕೆ, ಹೆಡಿಗೆ, ತಟ್ಟಿ, ಕೋಳಿ ಮುಚ್ಚುವ ಬುಟ್ಟಿ, ಮೀನು ಹಿಡಿಯುವ ಕೂಳಿ, ಸಗಣಿ ಮೆತ್ತಿ ಕಾಳು ತುಂಬಿಡುವ ಕಣಜ. ಕೂಸನ್ನು ಮೊರದಲ್ಲಿ ಮಲಗಿಸುವ ರೂಢಿ ಹಲವು ಕಡೆ ಇತ್ತು, ಮದುವೆಯ ಚಪ್ಪರಕ್ಕೆ ಬಿದಿರು, ಕೊನೆಗೆ ಚಟ್ಟಕ್ಕೂ ಹಸಿ ಬಿದಿರು. ಇವುಗಳಲ್ಲಿ ಬಹುಪಾಲನ್ನು ಪ್ಲಾಸ್ಟಿಕ್ಕು ಮತ್ತು ತಗಡು ಕಸಿದುಕೊಂಡ ಕಥೆ ನಿಮಗೆ ಗೊತ್ತಿರುವುದೇ, ಅದನ್ನು ಎಳೆಯುವುದಿಲ್ಲ. ಆದರೆ ಒಂದು ಉದಾಹರಣೆಯನ್ನು ಮಾತ್ರ ಹೇಳಲೇಬೇಕು, ಏಕೆಂದರೆ ಅದನ್ನು ಯಾರೂ ಕರಕುಶಲ ಕಲೆಯೆಂದು ಗಣಿಸುವುದೇ ಇಲ್ಲ: ರೇಷ್ಮೆಯ ಚಂದ್ರಿಕೆ. ಆರು ಅಡಿ ಉದ್ದ ನಾಲ್ಕು ಅಡಿ ಅಗಲದ ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ನೇಯ್ದ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ಸಾಧನ ಅದು. ಹಣ್ಣಾದ ಹುಳುಗಳನ್ನು ಅದರ ಮೇಲೆ ಬಿಟ್ಟರೆ, ಸುಮಾರು ಸಾವಿರ ಹುಳು ಒಂದು ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತವೆ. ರಾಮನಗರ, ಶಿಡ್ಲಘಟ್ಟದ ಕಡೆ ಹೋದವರು ಮನೆಗಳ ಗೋಡೆಗೆ ಒರಗಿಸಿಟ್ಟ ಚಂದ್ರಿಕೆಗಳನ್ನು ನೋಡಿಯೇ ಇರುತ್ತೀರಿ. ಮೈಸೂರು ರೇಷ್ಮೆಯ ಹೆಸರು ಹೇಳುವಾಗ ನಾವು ಹಿಪ್ಪುನೇರಳೆಯನ್ನು ನೆನೆಯುತ್ತೇವೆ, ನೂಲು ಬಿಚ್ಚುವವರನ್ನು, ನೇಕಾರರನ್ನು ನೆನೆಯುತ್ತೇವೆ. ಹುಳು ಗೂಡು ಕಟ್ಟಿದ್ದು ಮೇದರು ಹೆಣೆದ ಹಾಸಿನ ಮೇಲೆ ಎಂಬುದು ನೆನಪಾಗುವುದಿಲ್ಲ. ಈಗ ಅಲ್ಲಿಗೂ ಮಡಚುವ ಪ್ಲಾಸ್ಟಿಕ್ ಚಂದ್ರಿಕೆಗಳು ಬಂದಿವೆ.

ಉಳಿದಿರುವ ದೊಡ್ಡ ಸುಗ್ಗಿ ಎಂದರೆ ಗೌರಿ ಹಬ್ಬ. ಭಾದ್ರಪದ ಶುದ್ಧ ತದಿಗೆಗೆ ಮೊದಲಿನ ಎರಡು ತಿಂಗಳು ಹಳೆ ಮೈಸೂರಿನ ಮೇದರ ಕೇರಿಗಳಲ್ಲಿ ರಾತ್ರಿಯೂ ದೀಪ ಆರುವುದಿಲ್ಲ. ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಕಾಳು, ಬೆಲ್ಲ, ಕಣವನ್ನೆಲ್ಲ ಒಂದು ಮೊರದಲ್ಲಿ ತುಂಬಿ ಇನ್ನೊಂದನ್ನು ಅದರ ಮೇಲೆ ಮುಚ್ಚಿ ಕೊಡುವ ಬಾಗಿನಕ್ಕೆ ಪ್ಲಾಸ್ಟಿಕ್ಕನ್ನು ನಮ್ಮ ಹೆಂಗಸರು ಇನ್ನೂ ಒಪ್ಪಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಕಾವೇರಿಗೆ ಅರ್ಪಿಸುವ ಬಾಗಿನವೂ ಮೊರದಲ್ಲಿಯೇ. ಹಬ್ಬದ ಮೊರ ಚಿಕ್ಕದು, ತೆಳ್ಳಗಿನದು, ರಾಗಿ ಕೇರಲು ಆಗದು. ಹಿರಿಯ ಮೇದರಿಗೆ ಅದರ ಬಗ್ಗೆ ಅಷ್ಟೇನೂ ಗೌರವವಿಲ್ಲ. ‘ಇದು ಕೊಡೋಕೆ ಮಾಡೋ ಮೊರ, ಅದು ಕೇರೋಕೆ ಮಾಡೋ ಮೊರ’ ಎಂದು ಒಬ್ಬರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಆದರೂ ವರ್ಷದ ಸಾಲ ತೀರುವುದು ಕೊಡುವ ಮೊರದಿಂದಲೇ.

ಅದೇ ಕೇರಿಯಲ್ಲಿ ನಾನು, ಬೇಡಿಕೆ ಇದೆಯಲ್ಲ, ಮತ್ತೇಕೆ ಹೆಚ್ಚು ಹೆಣೆಯುವುದಿಲ್ಲ ಎಂದು ಕೇಳಿದೆ. ಪೇಟೆಯ ಮನುಷ್ಯ ಕೇಳುವ ಪ್ರಶ್ನೆ. ಅವರು ಗೋಡೆಗೆ ಒರಗಿಸಿದ್ದ ಏಳೆಂಟು ಗಳುಗಳನ್ನು ತೋರಿಸಿ, ಇವಿಷ್ಟೇ ಸಿಕ್ಕಿದ್ದು, ಮಾರಿದ ಹಣದಲ್ಲಿ ಅರ್ಧ ಗಳುವಿಗೇ ಹೋಯಿತು ಎಂದರು. ಅಲ್ಲಿಗೆ ನಾವು ಬಿದಿರಿನ ಲೆಕ್ಕಕ್ಕೆ ಬಂದೆವು.

ನಮ್ಮ ಕಾಡುಗಳಲ್ಲಿ ಬಿದಿರಿಗೆ ಕೊರತೆ ಇರಲಿಲ್ಲ. ಒಂದು ಕಾಲಕ್ಕೆ ಅರಣ್ಯ ಇಲಾಖೆಗೆ ಅದು ತೇಗದ ನಡುವೆ ಬೆಳೆಯುವ ಕಳೆಯಂತೆಯೇ ಕಂಡಿತ್ತು. ಕಾಗದದ ಕಾರ್ಖಾನೆಗಳು ಬಂದ ಮೇಲೆ ಕಳೆ ಕಚ್ಚಾವಸ್ತುವಾಯಿತು. 1950ರ ದಶಕದಲ್ಲಿ ದಾಂಡೇಲಿಯ ಕಾರ್ಖಾನೆ ಆರಂಭವಾದಾಗ ಉತ್ತರ ಕನ್ನಡದ ಬಿದಿರನ್ನು ಅದಕ್ಕೆ ಟನ್ನಿಗೆ 1.50 ರೂಪಾಯಿ ದರದಲ್ಲಿ ಕೊಡಲಾಯಿತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಪೇಟೆಯಲ್ಲಿ ಬುಟ್ಟಿ ಹೆಣೆಯುವವರು ಕೊಡುತ್ತಿದ್ದ ಬೆಲೆಯ ಮುಂದೆ ಅದು ಬೆಲೆಯೇ ಅಲ್ಲ. ಎಪ್ಪತ್ತರ ದಶಕದಲ್ಲಿ, ಬಿದಿರು ಬರಿದಾಗುತ್ತಿದೆ ಎಂದು ಮೇದರು ಸರ್ಕಾರದ ಮುಂದೆ ದೂರಿಕೊಂಡ ಹಿನ್ನೆಲೆಯಲ್ಲಿ ಗಾಡ್ಗೀಳರು ಮತ್ತು ಸಂಗಡಿಗರು ರಾಜ್ಯದ ಬಿದಿರಿನ ಅಧ್ಯಯನಕ್ಕೆ ತೊಡಗಿದರು.

ಆ ಅಧ್ಯಯನದ ಒಂದು ವಿವರವನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡಿರುತ್ತವೆ. ಊರಿನವರು ಬಿದಿರು ಕಡಿಯುವಾಗ ಆ ಮುಳ್ಳನ್ನು ಮುಟ್ಟದೆ ಅದರ ಮೇಲಿನಿಂದ ಕಡಿಯುತ್ತಿದ್ದರು, ಬುಡದ ಒಂದಷ್ಟು ಉದ್ದ ಅಲ್ಲೇ ಉಳಿಯುತ್ತಿತ್ತು. ಕಾರ್ಖಾನೆಯ ಕೆಲಸಗಾರರು ಮುಳ್ಳನ್ನೆಲ್ಲ ಸವರಿ ಬುಡಕ್ಕೇ ಕಡಿಯುತ್ತಿದ್ದರು. ಹೀಗೆ ಸ್ವಚ್ಛಮಾಡಿದರೆ ಮೆಳೆ ಚೆನ್ನಾಗಿ ಚಿಗುರುತ್ತದೆ ಎಂಬುದು ಬಲ್ಲವರ ನಂಬಿಕೆಯಾಗಿತ್ತು. ಅದು ತಪ್ಪು ಎಂದು ಊರಿನವರು ಹೇಳಿದರು: ಮುಳ್ಳು ಹೋದರೆ ಎಳೆಯ ಕಳಲೆಯನ್ನು ದನ ತಿನ್ನುತ್ತದೆ, ಮುಳ್ಳುಹಂದಿ ತಿನ್ನುತ್ತದೆ, ಮುಸುವ ತಿನ್ನುತ್ತದೆ. ವಿಜ್ಞಾನಿಗಳು ಮೆಳೆಗಳನ್ನು ಗಮನಿಸುತ್ತ ಬಂದು ಕಂಡುಕೊಂಡದ್ದೂ ಅದನ್ನೇ. ಮುಳ್ಳು ಸವರಿದ ಮೆಳೆಗಳಲ್ಲಿ ಹೊಸ ಗಳು ಮೇಲೇಳಲಿಲ್ಲ. ನಾವು ಸಾಂಪ್ರದಾಯಿಕ ಜ್ಞಾನ ಎಂಬ ಪದವನ್ನು ಸಭೆಗಳಲ್ಲಿ ಬಹಳ ಹಗುರವಾಗಿ ಬಳಸುತ್ತೇವೆ. ಇಲ್ಲಿ ಅದರ ಅರ್ಥ ಇಷ್ಟೇ: ಬಿದಿರನ್ನು ಎಷ್ಟು ಎತ್ತರದಲ್ಲಿ ಕಡಿಯಬೇಕು.

ಇದರ ಮೇಲೆ ಬಿದಿರಿನ ಸ್ವಭಾವವೂ ಸೇರುತ್ತದೆ. ಹೆಬ್ಬಿದಿರು ನಲವತ್ತು ವರ್ಷಗಳ ಆಸುಪಾಸಿಗೆ ಒಮ್ಮೆ ಒಂದು ಸೀಮೆಯ ಕಾಡಿನಲ್ಲೆಲ್ಲ ಒಟ್ಟಿಗೆ ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಒಣಗಿ ಸಾಯುತ್ತದೆ. 2010ರ ನಂತರದ ವರ್ಷಗಳಲ್ಲಿ ನಾಗರಹೊಳೆ, ಕೊಡಗಿನ ಕಡೆ ಹೀಗೆ ಮೆಳೆಗಳು ಒಣಗಿ ನಿಂತದ್ದನ್ನು ನೋಡಿದವರು ಈ ಸಭೆಯಲ್ಲೂ ಇರಬಹುದು. ಬಿದ್ದ ಬೀಜದಿಂದ ಎದ್ದ ಸಸಿ ಕಡಿಯುವ ಗಳುವಾಗಲು ಹತ್ತು ವರ್ಷವಾದರೂ ಬೇಕು. ಅಷ್ಟರಲ್ಲಿ ಒಂದು ಕುಟುಂಬದ ಮಕ್ಕಳು ಗಾರೆ ಕೆಲಸ ಕಲಿತಿರುತ್ತಾರೆ.

ಮಲೆ ಮಹದೇಶ್ವರ ಬೆಟ್ಟದಲ್ಲಿ ಇದಕ್ಕೆ ಒಂದು ವಿಚಿತ್ರ ಉತ್ತರ ಹುಟ್ಟಿತು. ಕಾಡನ್ನೆಲ್ಲ ಆಕ್ರಮಿಸಿರುವ ಲಂಟಾನ ಗಿಡದ ಕಡ್ಡಿಗಳನ್ನು ಕುದಿಸಿ, ಸಿಪ್ಪೆ ಸುಲಿದು, ಬಾಗುವ ಹದಕ್ಕೆ ತಂದು ಬುಟ್ಟಿ ಕುರ್ಚಿಗಳನ್ನು ಹೆಣೆಯುವ ಕೆಲಸ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ನೆರವಿನಿಂದ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿನ ಸೋಲಿಗರು ಮತ್ತು ಕೊರಮರ ನಡುವೆ ಆರಂಭವಾಯಿತು. ಬಿದಿರಿನ ಕೈ ಕಳೆಗಿಡಕ್ಕೂ ಒಗ್ಗಿತು. ವಿದ್ಯೆ ಅಳಿದಿಲ್ಲ ಎಂದು ನಾನು ಮೊದಲಿಗೇ ಹೇಳಿದ್ದು ಇಂಥದ್ದನ್ನು ಕಂಡೇ. ಆದರೆ ಲಂಟಾನದಿಂದ ಮೊರವಾಗದು. ಅದಕ್ಕೆ ಪದರ ಬಿಡಿಸುವ ಗುಣವಿಲ್ಲ.

ಕಾನೂನುಗಳಿಗೆ ಬರೋಣ. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರ ಎಂದೇ ಎಣಿಸಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಕಿರು ಅರಣ್ಯ ಉತ್ಪನ್ನ ಎಂದಿತು. ಆ ಹಕ್ಕಿನ ಬಲದಿಂದ 2011ರಲ್ಲಿ ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಗ್ರಾಮಸಭೆ ತನ್ನ ಬಿದಿರಿಗೆ ತಾನೇ ಸಾಗಣೆ ಪರವಾನಗಿ ಕೊಡುವ ಅಧಿಕಾರ ಪಡೆಯಿತು. 2017ರಲ್ಲಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಕೇಂದ್ರ ಕಾಯ್ದೆಯ ‘ಮರ’ದ ಪಟ್ಟಿಯಿಂದ ಕೈಬಿಡಲಾಯಿತು. ಇವೆಲ್ಲ ಒಳ್ಳೆಯವೇ. ಆದರೆ ನಮ್ಮ ಬಹುಪಾಲು ಮೇದರು ಕಾಡಿನಲ್ಲಿ ವಾಸಿಸುವವರಲ್ಲ. ತಲೆಮಾರುಗಳಿಂದ ಊರಿನ, ಪೇಟೆಯ ಕೇರಿಯಲ್ಲಿದ್ದು, ಬಿದಿರಿಗಾಗಿ ಮಾತ್ರ ಕಾಡಿಗೆ ಹೋಗಿ ಬಂದವರು. ಅವರಿಗೆ ಕಾಡಂಚಿನ ಗ್ರಾಮಸಭೆಯೂ ಇಲ್ಲ, ಬಿದಿರು ನೆಡಲು ಹೊಲವೂ ಇಲ್ಲ. ರಿಯಾಯಿತಿ ದರದಲ್ಲಿ ಅರಣ್ಯ ಇಲಾಖೆಯ ಡಿಪೋದಿಂದ ಗಳು ಕೊಡುವ ಪದ್ಧತಿಯೊಂದೇ ಅವರ ಬಾಗಿಲು. ಒಮ್ಮೆ ನಾನು ಒಬ್ಬ ಹಿರಿಯರ ಜೊತೆ ಅಂಥ ಡಿಪೋಕ್ಕೆ ಹೋಗಿದ್ದೆ. ಅವರು ರಾಶಿಯನ್ನು ಒಮ್ಮೆ ಸುತ್ತಿ ಬಂದು, ಒಂದು ಗಳುವಿಗೂ ಕೈಹಾಕದೆ ನಿಂತರು. ಎಲ್ಲ ಬಲಿತು ಒಣಗಿದವು, ಸೀಳಿದರೆ ಸೌದೆ ಎಂದರು. ಹಣ ಕಟ್ಟಿ ಆಗಿತ್ತು. ಅದನ್ನೇ ಹೊತ್ತು ಬಂದೆವು.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬುಟ್ಟಿ ಹೆಣೆಯುವುದೂ ಸೇರಿದೆ. ತರಬೇತಿ ಇದೆ, ಕಡಿಮೆ ಬಡ್ಡಿಯ ಸಾಲವಿದೆ, ಉಪಕರಣಗಳಿಗೆಂದು 15,000 ರೂಪಾಯಿ ಇದೆ. ಸಾಲವನ್ನು ನಾನು ಟೀಕಿಸುವುದಿಲ್ಲ. ಅದು ಹಲವರನ್ನು ಬಡ್ಡಿ ವ್ಯಾಪಾರಿಯ ಕೈಯಿಂದ ಬಿಡಿಸಬಲ್ಲದು. ಆದರೆ ಮೇದರ ಉಪಕರಣ ಎಂದರೆ ಒಂದು ಕತ್ತಿ, ಅದನ್ನು ಮಸೆಯುವ ಒಂದು ಕಲ್ಲು. ಆ ಅಜ್ಜಿಯ ಕತ್ತಿ ಅವರ ಅತ್ತೆಯದು, ಮಸೆದು ಮಸೆದು ಅರ್ಧ ಅಗಲಕ್ಕೆ ಬಂದಿದೆ. ಅದೇ ಹಣಕ್ಕೆ ಹದವಾದ ಹಸಿ ಗಳುಗಳನ್ನು ಕೇರಿಯ ಬಾಗಿಲಿಗೆ ತಂದಿಳಿಸುವ ಯೋಜನೆ ಏಕಿಲ್ಲ ಎಂದು ಅವರು ಕೇಳಿದರು. ಆ ಪ್ರಶ್ನೆಯನ್ನು ಹಾಗೆಯೇ ತಮ್ಮ ಮುಂದಿಡುತ್ತಿದ್ದೇನೆ, ಏಕೆಂದರೆ ತಮ್ಮಲ್ಲಿ ಕೆಲವರು ಇಂಥ ಯೋಜನೆಗಳ ಕಡತ ಬರೆಯುವವರೆಂದು ನನಗೆ ಗೊತ್ತಿದೆ.

ಕಳೆದ ಮಳೆಗಾಲದಲ್ಲಿ ಕಂಡ ಒಂದು ಸಂಗತಿಯನ್ನು ಹೇಳಿ ನಿಲ್ಲಿಸುತ್ತೇನೆ. ಮೇಲೆ ಹೇಳಿದ ಡಿಪೋದ ಹಿರಿಯರು ಹತ್ತಿರದ ಹಳ್ಳಿಯ ರೈತರೊಬ್ಬರ ಜೊತೆ ಬಾಯಿಮಾತಿನಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಹೊಲದ ಬದುವಿನಲ್ಲಿ, ಹಳ್ಳದ ಪಕ್ಕ, ರೈತರ ಜಾಗದಲ್ಲಿ ಬಿದಿರು, ನೆಟ್ಟು ನೋಡಿಕೊಳ್ಳುವುದು ಇವರು, ಗಳುವಿನಲ್ಲಿ ಅರ್ಧರ್ಧ. ನಾನು ಹೋದಾಗ ಸಸಿಗಳಿಗೆ ನಾಲ್ಕು ವರ್ಷವಾಗಿತ್ತು, ಬುಡದಲ್ಲಿ ಮುಂಗೈ ಗಾತ್ರದ ಕಳಲೆಗಳು ಎದ್ದಿದ್ದವು. ರೈತರ ಮಗ ಮಚ್ಚು ಹಿಡಿದು ಬಂದು, ಮುಳ್ಳು ಬಹಳ ಹಬ್ಬಿದೆ, ಸವರಿ ನೀಟು ಮಾಡಿಬಿಡಲಾ ತಾತ ಎಂದು ಕೇಳಿದ. ಹಿರಿಯರು ಅವನ ಕೈಯಿಂದ ಮಚ್ಚನ್ನು ತೆಗೆದುಕೊಂಡು ಬದುವಿನ ಮೇಲಿಟ್ಟರು. ‘ಮುಳ್ಳು ಇರಲಿ ಕಣಪ್ಪ, ಇನ್ನೆರಡು ವರ್ಷ ದನ ಕಾಯೋದು ಅದೇ’ ಎಂದರು. ಆಮೇಲೆ ನನ್ನನ್ನು ಮೆಳೆಯ ಇನ್ನೊಂದು ಬದಿಗೆ ಕರೆದುಕೊಂಡು ಹೋಗಿ, ಮೊದಲು ಕಡಿಯಬೇಕಾದ ಮೂರು ಗಳುಗಳನ್ನು ತಟ್ಟಿ ತೋರಿಸಿದರು.